ವೀರ ಸೈನಿಕ ಹೆನ್ರಿ ಜಾನ್ಸನ್: ದಾಖಲೆ ಸೇರದ 21 ಗಾಯಗಳು

ನಮ್ಮ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ, ಒಬ್ಬ ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಬರೆಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ. ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಮುಂದೆ ನಾನು ಭೂಸೇನೆಗೆ ಗುಮಾಸ್ತನಾಗಿ ಸೇರಿದೆ. ಸೇವೆಯಲ್ಲಿ ನಾನು ಬಂದೂಕು ಹಿಡಿದದ್ದಕ್ಕಿಂತ ಲೇಖನಿ ಹಿಡಿದದ್ದೇ ಹೆಚ್ಚು. ಸೈನಿಕರ ಸೇವಾ ದಾಖಲೆಗಳ ನಡುವೆಯೇ ನನ್ನ ಬಹುಪಾಲು ಸೇವೆ ಕಳೆಯಿತು. ಹೀಗಾಗಿ ಒಬ್ಬ ಮಹಾನ್ ವ್ಯಕ್ತಿಯ ಬಗ್ಗೆ ಬರೆಯಿರಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಹೊಳೆದದ್ದು ಅಮೆರಿಕದ ಸೈನಿಕ ಹೆನ್ರಿ ಜಾನ್ಸನ್‌ನ ಹೆಸರು. ಅವನ ಶೌರ್ಯದ ಕಥೆ ಒಂದೇ ರಾತ್ರಿಯದು. ಆ ಶೌರ್ಯ ಸರಕಾರದ ಕಾಗದಕ್ಕೆ ಪೂರ್ತಿಯಾಗಿ ಏರಲು ಹಿಡಿದದ್ದು 97 ವರ್ಷ. ಈ ಎರಡನೆಯ ಕಥೆಯನ್ನೇ ನಮ್ಮ ಮಕ್ಕಳು ಮುಖ್ಯವಾಗಿ ತಿಳಿಯಬೇಕು ಎಂಬುದು ನನ್ನ ಆಸೆ.

ಹೆನ್ರಿ ಜಾನ್ಸನ್ ಹುಟ್ಟಿದ್ದು 1890ರ ದಶಕದ ಆರಂಭದಲ್ಲಿ, ಅಮೆರಿಕದ ದಕ್ಷಿಣ ಭಾಗದ ಒಂದು ಬಡ ಕಪ್ಪು ಕುಟುಂಬದಲ್ಲಿ. ಹರೆಯದಲ್ಲೇ ಹೊಟ್ಟೆಪಾಡಿಗಾಗಿ ಉತ್ತರಕ್ಕೆ ಬಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಲ್ಲಿ ನೆಲೆಸಿದ. ಸಿಕ್ಕ ಕೂಲಿ ಕೆಲಸಗಳನ್ನು ಮಾಡಿದ. ಕೊನೆಗೆ ಆಲ್ಬನಿಯ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹೊರುವ ಪೋರ್ಟರ್ ಆದ. ಆಳು ಕುಳ್ಳ, ಮೈಕಟ್ಟು ಸಣ್ಣದು. ಎತ್ತರ ಸುಮಾರು ಐದು ಅಡಿ ನಾಲ್ಕು ಅಂಗುಲ. ಸೈನ್ಯದ ಸಾಲಿನಲ್ಲಿ ನಿಂತರೆ ಯಾರ ಕಣ್ಣಿಗೂ ಬೀಳುವ ಆಳಲ್ಲ.

ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದದ್ದು 1917ರ ಏಪ್ರಿಲ್‌ನಲ್ಲಿ. ಅದೇ ಜೂನ್‌ನಲ್ಲಿ ಜಾನ್ಸನ್ ನ್ಯೂಯಾರ್ಕಿನ ಕಪ್ಪು ಸೈನಿಕರ ರೆಜಿಮೆಂಟಿಗೆ ಸೇರಿದ. ಅದೇ ಮುಂದೆ 369ನೆಯ ಪದಾತಿ ರೆಜಿಮೆಂಟ್ ಎಂದು ಹೆಸರಾಯಿತು. ಆ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಕಪ್ಪು ಸೈನಿಕರ ಪಂಕ್ತಿಯೇ ಬೇರೆ. ಬಹುತೇಕರಿಗೆ ಬಂದೂಕಿನ ಬದಲು ಸಲಿಕೆ ಕೊಡುತ್ತಿದ್ದರು. ಈ ರೆಜಿಮೆಂಟಿನವರೂ ಫ್ರಾನ್ಸ್ ತಲುಪಿದ ಮೊದಲ ತಿಂಗಳುಗಳಲ್ಲಿ ಬಂದರಿನಲ್ಲಿ ಹಡಗಿನ ಸರಕು ಇಳಿಸುವುದು, ರೈಲು ಹಳಿ ಹಾಸುವುದು ಮುಂತಾದ ಕೂಲಿ ಕೆಲಸವನ್ನೇ ಮಾಡಿದರು. 1918ರ ವಸಂತದಲ್ಲಿ ಅಮೆರಿಕದ ಸೇನಾಪತಿ ಪರ್ಶಿಂಗ್ ಈ ರೆಜಿಮೆಂಟನ್ನು ಫ್ರೆಂಚ್ ಸೈನ್ಯದ ವಶಕ್ಕೆ ಕೊಟ್ಟರು. ಜನರ ಕೊರತೆಯಿಂದ ಬಳಲುತ್ತಿದ್ದ ಫ್ರೆಂಚರು ಬಣ್ಣ ನೋಡಲಿಲ್ಲ. ತಮ್ಮ ಬಂದೂಕು ಕೊಟ್ಟು, ತಮ್ಮ ಶಿರಸ್ತ್ರಾಣ ತೊಡಿಸಿ ನೇರ ರಣರಂಗಕ್ಕೆ ಕರೆದೊಯ್ದರು. ಒಂದು ದೇಶದ ಸೈನಿಕರು ಇನ್ನೊಂದು ದೇಶದ ಅಧಿಕಾರಿಗಳ ಕೈಕೆಳಗೆ ಹೋರಾಡಿದರು ಎಂಬ ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ತೊಡಕಿಗೆಲ್ಲ ಅದೂ ಒಂದು ಕಾರಣ.

ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹೈಫಾ ನಗರವನ್ನು ಗೆದ್ದ ವರ್ಷವೂ 1918ರದೇ. ಅದಕ್ಕೆ ನಾಲ್ಕು ತಿಂಗಳ ಮೊದಲು, ಮೇ 15ರ ನಸುಕಿನ ಕತ್ತಲಲ್ಲಿ, ಫ್ರಾನ್ಸಿನ ಆರ್ಗಾನ್ ಕಾಡಿನ ಅಂಚಿನ ಒಂದು ಕಾವಲು ಠಾಣೆಯಲ್ಲಿ ಜಾನ್ಸನ್ ಮತ್ತು ಅವನ ಜೊತೆಗಾರ ನೀಧಾಮ್ ರಾಬರ್ಟ್ಸ್ ಪಹರೆ ಕಾಯುತ್ತಿದ್ದರು. ಮುಳ್ಳುತಂತಿ ಕತ್ತರಿಸುವ ಸದ್ದು ಕೇಳಿಸಿತು. ಕನಿಷ್ಠ ಹನ್ನೆರಡು ಮಂದಿ ಜರ್ಮನ್ ಸೈನಿಕರು ಮೇಲೆ ಬಿದ್ದರು. ರಾಬರ್ಟ್ಸ್ ತೀವ್ರವಾಗಿ ಗಾಯಗೊಂಡು ನೆಲಕ್ಕುರುಳಿದ. ಜಾನ್ಸನ್ ಗ್ರೆನೇಡು ಎಸೆದ, ಗುಂಡು ಹಾರಿಸಿದ. ಬಂದೂಕು ಕೈಕೊಟ್ಟಾಗ ಅದನ್ನೇ ದೊಣ್ಣೆಯಂತೆ ಬೀಸಿದ. ಅಷ್ಟರಲ್ಲಿ ಶತ್ರುಗಳು ರಾಬರ್ಟ್ಸ್‌ನನ್ನು ಸೆರೆ ಹಿಡಿದು ಎತ್ತಿಕೊಂಡು ಹೊರಟಿದ್ದರು. ಜಾನ್ಸನ್ ಸೊಂಟದ ಮಚ್ಚು ಹಿರಿದು ಅವರ ಮೇಲೆ ಎರಗಿ ಗೆಳೆಯನನ್ನು ಬಿಡಿಸಿಕೊಂಡ. ಶತ್ರುಗಳು ಹಿಂದೆ ಸರಿಯುವವರೆಗೂ ನೆಲಬಿಟ್ಟು ಕದಲಲಿಲ್ಲ. ಸಹಾಯ ಬಂದಾಗ ಅವನ ಮೈಮೇಲೆ ಒಟ್ಟು 21 ಗಾಯಗಳಿದ್ದವು. ಎಡಗಾಲಿನ ಪಾದ ನುಚ್ಚುನೂರಾಗಿತ್ತು.

ಫ್ರೆಂಚರು ತಡಮಾಡಲಿಲ್ಲ. ತಮ್ಮ ಶೌರ್ಯ ಪದಕವಾದ ಕ್ರ್ವಾ ದ ಗೇರ್ ಅನ್ನು ಇಬ್ಬರಿಗೂ ಕೊಟ್ಟರು. ಆ ಯುದ್ಧದಲ್ಲಿ ಈ ಪದಕ ಪಡೆದ ಮೊದಲ ಅಮೆರಿಕನ್ ಸೈನಿಕರ ಸಾಲಿನಲ್ಲಿ ಇವರಿದ್ದಾರೆ. ಸ್ವತಃ ಪರ್ಶಿಂಗ್ 1918ರ ಮೇ 20ರ ವರದಿಯಲ್ಲಿ ಇವರ ಸಾಹಸವನ್ನು ಹೊಗಳಿದರು. ಪತ್ರಿಕೆಗಳು ಜಾನ್ಸನ್‌ನ ಹೆಸರನ್ನು ಮನೆಮನೆಗೆ ಮುಟ್ಟಿಸಿದವು. 1919ರ ಫೆಬ್ರವರಿ 17ರಂದು ರೆಜಿಮೆಂಟ್ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆ ಬಂದಾಗ ಜಾನ್ಸನ್ ನಡೆಯಲಾರದೆ ತೆರೆದ ಕಾರಿನಲ್ಲಿ ನಿಂತಿದ್ದ. ರಸ್ತೆಯ ಇಕ್ಕೆಲದಲ್ಲೂ ಸೇರಿದ ಲಕ್ಷಾಂತರ ಜನ ಜೈಕಾರ ಹಾಕಿದರು. ಸೈನ್ಯಕ್ಕೆ ಜನ ಸೇರಿಸಲು, ಯುದ್ಧ ನಿಧಿಯ ಅಂಚೆಚೀಟಿ ಮಾರಲು ಸರಕಾರ ಅವನ ಚಿತ್ರವನ್ನೇ ಬಳಸಿಕೊಂಡಿತು.

ಆದರೆ ಅವನದೇ ದೇಶದ ಸೈನ್ಯದಿಂದ ಒಂದು ಪದಕವೂ ಬರಲಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದು. ಸೈನ್ಯದಿಂದ ಬಿಡುಗಡೆಯಾದಾಗ ಕೈಗೆ ಬಂದ ಕಾಗದದಲ್ಲಿ ಅವನ ಗಾಯಗಳ ಪ್ರಸ್ತಾಪವೇ ಇರಲಿಲ್ಲ. ಇಡೀ ನಗರ ಕಣ್ಣಾರೆ ಕಂಡ ಗಾಯ, ಪತ್ರಿಕೆಗಳು ಅಚ್ಚು ಹಾಕಿದ ಗಾಯ, ಸೇವಾ ದಾಖಲೆಯಲ್ಲಿ ಇಲ್ಲ. ದಾಖಲೆಗಳೊಂದಿಗೆ ಬದುಕಿದ ನನಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಸೈನಿಕ ಸಮವಸ್ತ್ರ ಕಳಚಿದ ಮೇಲೆ ಅವನ ಪರವಾಗಿ ಮಾತನಾಡುವುದು ಆ ಕಾಗದ ಒಂದೇ. ಪಿಂಚಣಿ ಕಚೇರಿಯ ಮೇಜಿನ ಆಚೆ ಕುಳಿತವನು ಯುದ್ಧ ನೋಡಿದವನಲ್ಲ. ಅವನು ನೋಡುವುದು ಕಲಂ ಮತ್ತು ಸಾಲುಗಳನ್ನು. ಕಲಂ ಖಾಲಿಯಿದ್ದರೆ ಗಾಯವೂ ಇಲ್ಲ.

ಜಾನ್ಸನ್ ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದ. 1919ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್ ನಗರದ ಸಭೆಯೊಂದರಲ್ಲಿ, ಕಪ್ಪು ಸೈನಿಕರನ್ನು ಬಿಳಿಯ ಸೈನಿಕರು ಹೇಗೆ ಕೀಳಾಗಿ ನಡೆಸಿಕೊಂಡರು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಅಲ್ಲಿಂದ ಮುಂದೆ ಭಾಷಣದ ಕರೆಗಳು ನಿಂತುಹೋದವು. ಮುರಿದ ಪಾದದಲ್ಲಿ ಹಳೆಯ ಪೋರ್ಟರ್ ಕೆಲಸ ಮಾಡಲಾಗಲಿಲ್ಲ. ಕುಡಿತ ಹತ್ತಿರವಾಯಿತು, ಸಂಸಾರ ದೂರವಾಯಿತು. ಕ್ಷಯ ರೋಗ ಅಂಟಿತು. 1927ರಲ್ಲಿ ಪೂರ್ಣ ಅಂಗವಿಕಲನೆಂದು ಸರಕಾರ ಒಪ್ಪಿಕೊಂಡು ಮಾಸಿಕ ನೆರವು ಕೊಟ್ಟಿತು ನಿಜ. ಆದರೆ ಅದಕ್ಕೆ ಆಧಾರವಾದದ್ದು ಕ್ಷಯ, ರಣರಂಗದ 21 ಗಾಯಗಳಲ್ಲ. 1929ರ ಜುಲೈನಲ್ಲಿ, ನಲವತ್ತು ತುಂಬುವ ಮೊದಲೇ ಅವನು ತೀರಿಕೊಂಡ. ಅವನ ಮನೆಯವರೆಂದು ಬಗೆದವರು ಬಹುಕಾಲ ಅವನನ್ನು ಯಾವುದೋ ಅನಾಥ ಗುಂಡಿಯಲ್ಲಿ ಹೂಳಿದ್ದಾರೆ ಎಂದೇ ತಿಳಿದಿದ್ದರು. ಅವನ ಸಮಾಧಿ ಇದ್ದದ್ದು ದೇಶದ ಅತ್ಯಂತ ಗೌರವದ ಸೈನಿಕ ಸ್ಮಶಾನವಾದ ಆರ್ಲಿಂಗ್ಟನ್‌ನಲ್ಲಿ. ಅದು ಪತ್ತೆಯಾದದ್ದು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, ಹಳೆಯ ಕಾಗದ ಹುಡುಕುವಾಗ!

ಇಲ್ಲಿಂದ ಎರಡನೆಯ ಕಥೆ. ಅಮೆರಿಕದಲ್ಲಿ ಸೈನಿಕರ ದಾಖಲೆಯಲ್ಲಿನ ತಪ್ಪು ಅಥವಾ ಅನ್ಯಾಯವನ್ನು ಸರಿಪಡಿಸಲೆಂದೇ 1946ರ ಕಾಯ್ದೆಯಿಂದ ತಿದ್ದುಪಡಿ ಮಂಡಳಿಗಳು ಹುಟ್ಟಿಕೊಂಡವು. ಬಿಟ್ಟುಹೋದ ಪದಕವನ್ನು ಸೇರಿಸಲು ಸೈನಿಕನಾಗಲಿ, ತೀರಿಕೊಂಡಿದ್ದರೆ ಅವನ ವಾರಸುದಾರರಾಗಲಿ ಅರ್ಜಿ ಹಾಕಬಹುದು. ತಪ್ಪು ತಿಳಿದ ಮೂರು ವರ್ಷದೊಳಗೆ ಅರ್ಜಿ ಬರಬೇಕು. ನ್ಯಾಯದ ದೃಷ್ಟಿಯಿಂದ ಮಂಡಳಿ ಈ ಗಡುವನ್ನು ಮನ್ನಿಸಲೂಬಹುದು. ಆದರೆ ತಪ್ಪಾಗಿದೆ ಎಂದು ರುಜುವಾತು ಮಾಡುವ ಹೊಣೆ ಅರ್ಜಿದಾರನದೇ. ಅಂದಿನ ಆದೇಶದ ಪ್ರತಿ, ಆಸ್ಪತ್ರೆಯ ಚೀಟಿ, ಮೇಲಧಿಕಾರಿಯ ಶಿಫಾರಸು, ಕಣ್ಣಾರೆ ಕಂಡವರ ಹೇಳಿಕೆ, ಹೀಗೆ ಏನಾದರೂ ಬೇಕು. ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. 1973ರ ಜುಲೈ 12ರಂದು ಅಮೆರಿಕದ ಸೈನಿಕ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡಾ 80ರಷ್ಟು ಸುಟ್ಟುಹೋದವು. ಈ ಭಂಡಾರ ಇದ್ದದ್ದೂ ಸೇಂಟ್ ಲೂಯಿಸ್ ನಗರದ ಬಳಿಯೇ. ಇಂದಿಗೂ ಅಲ್ಲಿ ಸಂಬಳದ ಪಟ್ಟಿ, ದಿನದ ಹಾಜರಾತಿ ವರದಿಗಳನ್ನು ಜೋಡಿಸಿ ಸೈನಿಕರ ಸೇವೆಯನ್ನು ಮರಳಿ ಕಟ್ಟುವ ಕೆಲಸ ನಡೆಯುತ್ತದೆ.

ಜಾನ್ಸನ್ ಪರವಾಗಿ ನಿಂತವರು ಆಲ್ಬನಿಯ ಮಾಜಿ ಸೈನಿಕರು. ಅವರಲ್ಲಿ ಎಷ್ಟೋ ಮಂದಿ ಅವನ ರಕ್ತಸಂಬಂಧಿಗಳಲ್ಲ, ಅವನ ಬಣ್ಣದವರೂ ಅಲ್ಲ, ಅವನ ಕಾಲದವರಂತೂ ಅಲ್ಲವೇ ಅಲ್ಲ. ಊರಿನ ಸೈನಿಕ ಎಂಬ ಒಂದೇ ಅಭಿಮಾನ. ವರ್ಷಗಟ್ಟಲೆ ಅರ್ಜಿ ಬರೆದರು, ಗ್ರಂಥಾಲಯ ಸುತ್ತಿದರು, ಜನಪ್ರತಿನಿಧಿಗಳ ಬಾಗಿಲು ತಟ್ಟಿದರು. ಮೊದಲ ಫಲ ಸಿಕ್ಕಿದ್ದು 1996ರಲ್ಲಿ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಜಾನ್ಸನ್‌ಗೆ ಮರಣೋತ್ತರವಾಗಿ ಬಂತು. ಈಗಿನ ರೂಪದ ಆ ಪದಕ ಆರಂಭವಾದದ್ದೇ 1932ರಲ್ಲಿ, ಅವನು ಸತ್ತ ಮೂರು ವರ್ಷಕ್ಕೆ. ಮೊದಲ ಮಹಾಯುದ್ಧದ ಗಾಯಾಳುಗಳೂ ಅದಕ್ಕೆ ಅರ್ಹರಾಗಿದ್ದರು. ಆದರೆ ಗಾಯ ದಾಖಲೆಯಲ್ಲಿ ಇರಬೇಕಿತ್ತು. ಹೀಗೆ 21 ಗಾಯಗಳಿಗೆ ಅಧಿಕೃತ ಮುದ್ರೆ ಬೀಳಲು 78 ವರ್ಷ ಬೇಕಾಯಿತು. 2002ರಲ್ಲಿ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಬಂತು. ನಮ್ಮ ಮಹಾವೀರ ಚಕ್ರದಂತೆ ಅದು ಅಲ್ಲಿನ ಎರಡನೆಯ ದೊಡ್ಡ ಶೌರ್ಯ ಪದಕ.

ನಮ್ಮ ಪರಮವೀರ ಚಕ್ರಕ್ಕೆ ಸಮನಾದ ಮೆಡಲ್ ಆಫ್ ಆನರ್ ಮಾತ್ರ ಇನ್ನೂ ದೂರವೇ ಇತ್ತು. ಅದಕ್ಕೆ ಅಂದಿನ ಅಧಿಕಾರಿಗಳ ಮಟ್ಟದ ಪುರಾವೆ ಬೇಕು. ಫ್ರೆಂಚರ ಕೈಕೆಳಗೆ ಹೋರಾಡಿದವನಿಗೆ ಅಮೆರಿಕದ ಮೇಲಧಿಕಾರಿಗಳ ಶಿಫಾರಸು ಎಲ್ಲಿಂದ ತರುವುದು? ನ್ಯೂಯಾರ್ಕಿನ ಸೆನೆಟರ್ ಚಕ್ ಶೂಮರ್ ಅವರ ಸಿಬ್ಬಂದಿ ಹಳೆಯ ಕಡತಗಳನ್ನು ಜಾಲಾಡಿ, ಪರ್ಶಿಂಗ್ ಬರೆದ ಆ ಮೇ 20ರ ವರದಿಯನ್ನು ಹೊರತೆಗೆದರು. ಸೇನಾಪತಿಯ ಮಾತಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಆದರೂ ಕಾಲಮಿತಿಯ ಕಾನೂನು ಅಡ್ಡ ಬಂತು. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತೇ ಅವನಿಗಾಗಿ ಆ ಮಿತಿಯನ್ನು ಸಡಿಲಿಸಿತು. 2015ರ ಜೂನ್ 2ರಂದು ಅಧ್ಯಕ್ಷ ಬರಾಕ್ ಒಬಾಮಾ ಮೆಡಲ್ ಆಫ್ ಆನರ್ ಘೋಷಿಸಿ ಪ್ರದಾನ ಮಾಡಿದರು. ಪದಕ ಪಡೆಯಲು ರುಜುವಾತಾದ ರಕ್ತಸಂಬಂಧಿ ಒಬ್ಬರೂ ಉಳಿದಿರಲಿಲ್ಲ. ನ್ಯೂಯಾರ್ಕ್ ನ್ಯಾಷನಲ್ ಗಾರ್ಡ್‌ನ ಹಿರಿಯ ಸೈನಿಕರೊಬ್ಬರು ಅವನ ಪರವಾಗಿ ಸ್ವೀಕರಿಸಿದರು.

ಇದು ಜಾನ್ಸನ್ ಒಬ್ಬನ ಕಥೆಯಲ್ಲ. ಅದೇ ಯುದ್ಧದಲ್ಲಿ ಮಡಿದ ಫ್ರೆಡ್ಡಿ ಸ್ಟೋವರ್ಸ್ ಎಂಬ ಕಪ್ಪು ಸೈನಿಕನ ಹೆಸರು ಮೆಡಲ್ ಆಫ್ ಆನರ್‌ಗೆ ಶಿಫಾರಸಾಗಿದ್ದರೂ ಆ ಕಾಗದ ಮುಂದಕ್ಕೆ ಚಲಿಸಲೇ ಇಲ್ಲ. 1991ರಲ್ಲಿ ಅವನ ವೃದ್ಧ ಸಹೋದರಿಯರ ಕೈಗೆ ಪದಕ ಬಂತು. ಎರಡನೆಯ ಮಹಾಯುದ್ಧದ ಏಳು ಕಪ್ಪು ಸೈನಿಕರಿಗೆ ಅದೇ ಗೌರವ ಸಿಕ್ಕಿದ್ದು 1997ರಲ್ಲಿ. ಆ ಏಳು ಮಂದಿಯಲ್ಲಿ ಅಂದು ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ದೂರದ ದೇಶದ ಈ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಿವೃತ್ತನಾದ ಮೇಲೆ ನಾನು ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರಿಗೆ, ಅವರ ಪತ್ನಿಯರಿಗೆ ಅರ್ಜಿ ಬರೆದುಕೊಡುತ್ತ ಬಂದಿದ್ದೇನೆ. ಗಂಡನ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದ ಕಾರಣಕ್ಕೆ ಕುಟುಂಬ ಪಿಂಚಣಿಗಾಗಿ ಅಲೆದ ತಾಯಂದಿರನ್ನು ಕಂಡಿದ್ದೇನೆ. ಎದೆಯ ಮೇಲೆ ಪದಕ ಇದ್ದು ಪುಸ್ತಕದಲ್ಲಿ ಅದರ ನಮೂದು ಇಲ್ಲದವರನ್ನೂ ಕಂಡಿದ್ದೇನೆ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ. ಕಾಗದ ಕೈಗೆ ಬಂದ ದಿನವೇ ಸಾಲು ಸಾಲಾಗಿ ಓದಿ. ಬಿಟ್ಟುಹೋದದ್ದು ಕಂಡರೆ ಜೊತೆಗಾರರು ಬದುಕಿರುವಾಗಲೇ, ಅಧಿಕಾರಿಗಳ ನೆನಪು ಹಸಿಯಾಗಿರುವಾಗಲೇ ಬರೆದು ಕೇಳಿ. ಹಳೆಯ ಚೀಟಿ ಎಂದು ಯಾವುದನ್ನೂ ಒಲೆಗೆ ಹಾಕಬೇಡಿ. ಕೊಟ್ಟ ಅರ್ಜಿಯ ಒಂದು ಪ್ರತಿ ನಿಮ್ಮಲ್ಲಿರಲಿ, ಸ್ವೀಕೃತಿಯ ಮುದ್ರೆ ಇರಲಿ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ನಮ್ಮ ಹಳ್ಳಿಯ ಮಗುವಿನ ಬದುಕಿನ ಮೊದಲ ದೊಡ್ಡ ದಾಖಲೆ ಶಾಲೆಯ ದಾಖಲಾತಿ ಪುಸ್ತಕ. ಅಲ್ಲಿ ಬರೆದ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಅಂಕಪಟ್ಟಿಗೆ ಹೋಗುತ್ತವೆ. ಅಂಕಪಟ್ಟಿಯಿಂದ ನೌಕರಿಗೆ, ನೌಕರಿಯಿಂದ ಪಿಂಚಣಿಗೆ ಹೋಗುತ್ತವೆ. ಓದಲು ಬಾರದ ತಾಯಿ ಮಗುವಿನ ಕೈಹಿಡಿದು ನಿಂತಾಗ, ಬರೆದದ್ದನ್ನು ಅವಳಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾರೋ ಉಳಿಸಿಕೊಂಡಿದ್ದಕ್ಕೆ ಮುಂದಿನವರು ವರ್ಷಗಟ್ಟಲೆ ಬೆಲೆ ತೆರುತ್ತಾರೆ.

ಹೆನ್ರಿ ಜಾನ್ಸನ್ ತನ್ನ ಪದಕವನ್ನು ನೋಡಲಿಲ್ಲ. ಅವನಿಗೆ ಅದರಿಂದ ಒಂದು ತುತ್ತು ಅನ್ನವೂ ಹೆಚ್ಚಾಗಲಿಲ್ಲ. ಆದರೂ ಆಲ್ಬನಿಯ ಜನ ಪಟ್ಟ ಶ್ರಮ ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಇಂದು ಆ ನಗರದ ಒಂದು ಹೆದ್ದಾರಿಗೆ ಅವನ ಹೆಸರಿದೆ, ಉದ್ಯಾನದಲ್ಲಿ ಅವನ ಪ್ರತಿಮೆ ಇದೆ. ಅಲ್ಲಿನ ಮಕ್ಕಳಿಗೆ ಅವನು ಸಾಮಾನು ಹೊರುತ್ತಿದ್ದ ಅನಾಮಧೇಯನಲ್ಲ, ತಮ್ಮ ಊರಿನ ವೀರ. ಇನ್ನೂ ಬದುಕಿರುವವರ ದಾಖಲೆಯನ್ನು ಬದುಕಿರುವಾಗಲೇ ಸರಿಯಾಗಿ ಬರೆಯೋಣ. ಅದಕ್ಕೆ ಸಂಸತ್ತು ಬೇಡ, ಅಧ್ಯಕ್ಷರೂ ಬೇಡ. ಒಂದು ಲೇಖನಿ, ಒಂದಿಷ್ಟು ಎಚ್ಚರ ಸಾಕು.