ಕಣವನ್ನು ಎಲ್ಲರಿಗೂ ಕಾಣುವಂತೆ ಕಟ್ಟಿಸಿದ ಅರಸ: ರಾಜರ್ಷಿ ಶಾಹು ಮಹಾರಾಜರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರಿನಷ್ಟೇ ಕುಸ್ತಿಗೂ ಮಹತ್ವವುಂಟು. ಹಲಗೆಯ ನಾದ ಕೇಳಿಸಿತೆಂದರೆ ಹೊಲದ ಕೆಲಸ ಬಿಟ್ಟು ಕಣದತ್ತ ನಡೆಯುವ ಜನ ಇವರು. ಇಲ್ಲಿ ಶಕ್ತಿವಂತ ಹುಡುಗರಿಗೆ ಎಂದೂ ಬರವಿರಲಿಲ್ಲ. ಬರವಿದ್ದದ್ದು ಆ ಹುಡುಗರನ್ನು ಬೆಳೆಸುವ ಹಣಕ್ಕೆ. ಪೈಲ್ವಾನನಿಗೆ ದಿನವೂ ಹಾಲು, ತುಪ್ಪ, ಬಾದಾಮಿ ಬೇಕು. ಕಲಿಸುವ ಉಸ್ತಾದರು ಬೇಕು. ದುಡಿಯುವ ವಯಸ್ಸಿನ ಮಗ ದುಡಿಯದೆ ವರ್ಷಗಟ್ಟಲೆ ಬೆವರು ಸುರಿಸುವುದನ್ನು ತಾಳಿಕೊಳ್ಳುವ ಮನೆಯೂ ಬೇಕು. ಬಡವರ ಮನೆಗೆ ಇದು ನಿಲುಕುವ ಮಾತಲ್ಲ. ಆದುದರಿಂದಲೇ ಸಣ್ಣ ಊರಿನ ಗರಡಿ ಹುಡುಗನನ್ನು ಹುಟ್ಟಿಸುತ್ತದೆ, ದೊಡ್ಡ ಪಟ್ಟಣದ ತಾಲೀಮು ಅವನನ್ನು ಹೆಸರುವಾಸಿ ಮಾಡುತ್ತದೆ. ಈ ಅಂತರವನ್ನು ಕಣ್ಣಾರೆ ಕಂಡು, ಅದಕ್ಕೆ ತಮ್ಮ ಬೊಕ್ಕಸದಿಂದ ಉತ್ತರ ಕೊಡಲೆತ್ನಿಸಿದ ಅರಸರೊಬ್ಬರು ನಮ್ಮ ಈ ಗಡಿಯ ಮಗ್ಗುಲಲ್ಲಿಯೇ ಬಾಳಿ ಹೋದರು. ಅವರೇ ಕೊಲ್ಲಾಪುರದ ರಾಜರ್ಷಿ ಶಾಹು ಛತ್ರಪತಿಗಳು.

ಶಾಹು ಮಹಾರಾಜರು ಜನಿಸಿದ್ದು 1874ರ ಜೂನ್ 26ರಂದು. ನಿಪ್ಪಾಣಿಗೆ ಸಮೀಪದ ಕಾಗಲ್‌ನ ಘಾಟಗೆ ಮನೆತನದ ಜಯಸಿಂಗರಾವ್ ಅವರ ತಂದೆ. ತಾಯಿ ರಾಧಾಬಾಯಿ ಕನ್ನಡ ನಾಡಿನ ಮುಧೋಳದ ಅರಸು ಮನೆತನದ ಮಗಳು. ಹುಟ್ಟುಹೆಸರು ಯಶವಂತರಾವ್. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕನನ್ನು 1884ರ ಮಾರ್ಚ್ 17ರಂದು ಕೊಲ್ಲಾಪುರದ ರಾಣಿ ಆನಂದಿಬಾಯಿಯವರು ದತ್ತು ಸ್ವೀಕರಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ತಂದೆಯೂ ತೀರಿಕೊಂಡರು. ಹೀಗೆ ಹನ್ನೆರಡರ ಹರೆಯಕ್ಕೆ ಕಾಲಿಡುವಾಗಲೇ ಅವರ ಪಾಲಿಗೆ ಸಿಂಹಾಸನವೂ ಅನಾಥತೆಯೂ ಒಟ್ಟಿಗೆ ಬಂದಿದ್ದವು.

ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕೆಲಕಾಲ ಓದಿದ ಬಳಿಕ ಅವರ ಶಿಕ್ಷಣ ಮುಂದುವರಿದದ್ದು ನಮ್ಮ ಧಾರವಾಡದಲ್ಲಿ. ಅಲ್ಲಿ ಅವರಿಗೆ ಗುರುಗಳಾಗಿದ್ದವರು ಸ್ಟುವರ್ಟ್ ಫ್ರೇಜರ್. ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಇದೇ ಫ್ರೇಜರ್ ಅವರು ಗುರುಗಳಾದರೆಂಬುದು ಸ್ಮರಣೀಯ. ಓದಿನ ಜೊತೆಗೆ ಕುದುರೆ ಸವಾರಿ, ಬೇಟೆ, ಅಂಗಸಾಧನೆಗಳಲ್ಲಿ ಶಾಹು ಮಹಾರಾಜರಿಗೆ ಅಪಾರ ಆಸಕ್ತಿ. ಆಜಾನುಬಾಹುವಾದ ಅವರು ಸ್ವತಃ ಕುಸ್ತಿಯ ಮಣ್ಣಿಗಿಳಿದವರು. ಆದುದರಿಂದ ಪೈಲ್ವಾನನ ಹಸಿವು ಅವರಿಗೆ ಕೇಳಿ ತಿಳಿದ ಸಂಗತಿಯಾಗಿರಲಿಲ್ಲ.

1894ರ ಏಪ್ರಿಲ್ 2ರಂದು, ಇಪ್ಪತ್ತು ವರ್ಷ ತುಂಬುವ ಮುನ್ನವೇ, ಅವರು ರಾಜ್ಯಾಧಿಕಾರ ವಹಿಸಿಕೊಂಡರು. ಆಗಿನ ಭೂಪಟ ಇಂದಿನಂತಿರಲಿಲ್ಲ. ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ, ಅವುಗಳ ನಡುವೆಯೇ ಇದ್ದ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಕಾಗವಾಡದಾಚೆ ಪಟವರ್ಧನ ಮನೆತನದ ಮಿರಜ ಮತ್ತು ಕುರುಂದವಾಡ ಸಂಸ್ಥಾನಗಳಿದ್ದವು. ಒಂದೇ ಭಾಷೆಯಾಡುವ, ಒಂದೇ ಸಂತೆಗೆ ಹೋಗುವ ಜನರು ಬೇರೆ ಬೇರೆ ಒಡೆಯರ ಪ್ರಜೆಗಳಾಗಿದ್ದರು. ರಾಯಬಾಗದ ರೈತ ಶಾಹು ಮಹಾರಾಜರ ಪ್ರಜೆ; ಕೆಲವೇ ಹರದಾರಿ ದೂರದ ಚಿಕ್ಕೋಡಿಯ ರೈತ ಮುಂಬಯಿ ಸರಕಾರದ ಪ್ರಜೆ. ಯಾವ ಹುಡುಗನಿಗೆ ಆಸರೆ ದೊರೆಯುವುದು, ಯಾವನಿಗೆ ದೊರೆಯದು ಎಂಬುದನ್ನು ಇಂತಹ ಗೆರೆಗಳೂ ನಿರ್ಣಯಿಸುತ್ತಿದ್ದ ಕಾಲವದು.

ಅಧಿಕಾರ ವಹಿಸಿಕೊಂಡ ಕೆಲವೇ ವರ್ಷಗಳಲ್ಲಿ ಬರಗಾಲವೂ ಪ್ಲೇಗ್ ಪಿಡುಗೂ ಸಂಸ್ಥಾನವನ್ನು ಕಾಡಿದವು. ತರುಣ ಅರಸರು ಅಗ್ಗದ ಧಾನ್ಯದ ಅಂಗಡಿಗಳನ್ನು ತೆರೆಸಿ, ಕಾಮಗಾರಿಗಳನ್ನು ಆರಂಭಿಸಿ, ಜನರ ನಡುವೆ ಸಂಚರಿಸಿದರು. ಆ ಸಂಚಾರದಲ್ಲಿ ಅವರಿಗೆ ಒಂದು ಸತ್ಯ ಗೋಚರಿಸಿತು. ಸಂಸ್ಥಾನದ ಕಚೇರಿಗಳೂ ಶಾಲೆಗಳೂ ಕೆಲವೇ ಸಮುದಾಯಗಳ ಕೈಯಲ್ಲಿದ್ದವು. ಉಳಿದವರು ದುಡಿಯುವುದಕ್ಕೆ ಮಾತ್ರ ಇದ್ದರು. ಹಳ್ಳಿಯ ಹುಡುಗ ಓದಲೆಂದು ಪಟ್ಟಣಕ್ಕೆ ಬಂದರೆ ತಂಗಲು ತಾವಿಲ್ಲ, ಉಣ್ಣಲು ಅನ್ನವಿಲ್ಲ. ಶಾಲೆಯ ಬಾಗಿಲು ತೆರೆದಿದ್ದರೂ ಊರಿನಿಂದ ಅಲ್ಲಿಗೆ ಬಂದು ನಿಲ್ಲುವ ದಾರಿ ಮುಚ್ಚಿತ್ತು.

ಇದಕ್ಕೆ ಅವರು ಕಂಡುಕೊಂಡ ಉಪಾಯ ವಿದ್ಯಾರ್ಥಿ ನಿಲಯಗಳು. 1901ರಲ್ಲಿ ಮರಾಠ ವಿದ್ಯಾರ್ಥಿಗಳ ವಿಕ್ಟೋರಿಯಾ ಬೋರ್ಡಿಂಗ್ ಆರಂಭವಾಯಿತು. ಅದರ ಬೆನ್ನಲ್ಲೇ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ ನಿಲಯಗಳು ಬಂದವು. 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆಯಿತು. ಭಾರತೀಯ ಕ್ರೈಸ್ತ ವಿದ್ಯಾರ್ಥಿಗಳಿಗೂ ಕೊಲ್ಲಾಪುರದಲ್ಲಿ ಒಂದು ನಿಲಯ ಏರ್ಪಟ್ಟಿತೆಂಬುದು ನಮ್ಮ ಕುಟುಂಬಗಳು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ. ಈ ನಿಲಯಗಳಿಗೆ ಮಹಾರಾಜರು ಜಾಗವನ್ನೂ ಸಹಾಯಧನವನ್ನೂ ನೀಡಿದರು. ನಡೆಸುವ ಹೊಣೆಯನ್ನು ಆಯಾ ಸಮುದಾಯದ ಹಿರಿಯರಿಗೇ ಒಪ್ಪಿಸಿದರು. ಈ ಕ್ರಮದ ಮಹತ್ವವನ್ನು ಮುಂದೆ ಕಾಣಲಿದ್ದೇವೆ.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ನಿಮಿತ್ತ ಅವರು ಇಂಗ್ಲೆಂಡಿಗೆ ತೆರಳಿದರು. ಆ ವರ್ಷದ ಜುಲೈ 26ರಂದು ಹೊರಟ ಅವರ ಆಜ್ಞೆ ಇತಿಹಾಸ ಪ್ರಸಿದ್ಧವಾಗಿದೆ. ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳಲ್ಲಿ ಶೇಕಡಾ 50ರಷ್ಟನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡಬೇಕೆಂಬುದೇ ಆ ಆಜ್ಞೆ. ಅದೇ ಪ್ರವಾಸದಲ್ಲಿ ಅವರು ರೋಮ್ ನಗರವನ್ನೂ ಸಂದರ್ಶಿಸಿದರು. ಅಲ್ಲಿಯ ಪುರಾತನ ಕೊಲೋಸಿಯಮ್ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತೆಂದು ಹೇಳುತ್ತಾರೆ.

ಆ ನೆನಪಿನ ಫಲವೇ ಕೊಲ್ಲಾಪುರದ ಖಾಸಬಾಗ ಕುಸ್ತಿ ಮೈದಾನ. 1907ರಲ್ಲಿ ಆರಂಭವಾದ ಕೆಲಸ 1912ರಲ್ಲಿ ಮುಗಿಯಿತು. ನಡುವೆ ಕೆಂಪು ಮಣ್ಣಿನ ಕಣ. ಸುತ್ತಲೂ ಇಳಿಜಾರಾಗಿ ಏರುತ್ತ ಹೋಗುವ ಆಸನದ ನೆಲ. ಸುಮಾರು 30,000 ಜನ ಕುಳಿತು ನೋಡಬಹುದಾದ ಈ ಮೈದಾನದಲ್ಲಿ ಹಿಂದಿನ ಸಾಲಿನ ಕೂಲಿಕಾರನಿಗೂ ಪೈಲ್ವಾನನ ಪಟ್ಟು ಮುಚ್ಚುಮರೆಯಿಲ್ಲದೆ ಕಾಣಿಸುತ್ತದೆ. ಗಾಮಾ ಪೈಲ್ವಾನರ ತಮ್ಮ ಇಮಾಂ ಬಕ್ಷರಂತಹ ಪಂಜಾಬಿನ ಅಗ್ರಗಣ್ಯರು ಇಲ್ಲಿ ಸೆಣಸಿದರು. ಉತ್ತರದ ಮಲ್ಲರಿಗೆ ಆಶ್ರಯ ನೀಡಿ, ಅವರ ವಿದ್ಯೆ ಈ ಭಾಗದ ಹುಡುಗರಿಗೆ ದೊರೆಯುವಂತೆ ಮಹಾರಾಜರು ನೋಡಿಕೊಂಡರು. ಪೇಟೆ ಪೇಟೆಗೊಂದು ತಾಲೀಮು ತಲೆಯೆತ್ತಿತು. ಒಳ್ಳೆಯ ಪೈಲ್ವಾನನಿಗೆ ಖುರಾಕಿನ ವೆಚ್ಚ ಅರಮನೆಯಿಂದ ಬರುತ್ತಿತ್ತು. ಜಾತಿ ಯಾವುದು, ಊರು ಯಾವುದು ಎಂಬುದಕ್ಕಿಂತ ತೋಳಿನ ಬಲಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿತ್ತು. ಹೀಗೆ ಕೊಲ್ಲಾಪುರ ಭಾರತದ ಕುಸ್ತಿಯ ತವರೂರೆನಿಸಿತು.

ಆದರೆ ನಿಷ್ಪಕ್ಷಪಾತವಾಗಿ ವಿಚಾರಿಸಿದಾಗ ಈ ವೈಭವಕ್ಕೆ ಇನ್ನೊಂದು ಮುಖವೂ ಕಾಣಿಸುತ್ತದೆ. ಅರಮನೆಯ ಹಣವೆಲ್ಲ ರಾಜಧಾನಿಯ ತಾಲೀಮುಗಳಲ್ಲಿ ಕೂಡಿಕೊಂಡಂತೆ ಸುತ್ತಲಿನ ಹಳ್ಳಿಗಳ ಗರಡಿಗಳು ಹುಡುಗರನ್ನು ಕಳುಹಿಸಿಕೊಡುವ ತಾಣಗಳಾಗಿ ಉಳಿದವು. ದೂಧಗಂಗಾ, ವೇದಗಂಗಾ ನದಿಗಳು ಕೊಲ್ಲಾಪುರದ ಬೆಟ್ಟಗಳಿಂದ ನಮ್ಮ ಚಿಕ್ಕೋಡಿಯತ್ತ ಹರಿದು ಬಂದರೆ, ಇಲ್ಲಿಯ ಪೈಲ್ವಾನರು ಆ ನೀರಿಗೆ ಎದುರಾಗಿ ಕೊಲ್ಲಾಪುರಕ್ಕೆ ನಡೆದರು. ಇದಕ್ಕೆ ಉಜ್ವಲ ನಿದರ್ಶನ ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದಲ್ಲಿ 1934ರಲ್ಲಿ ಜನಿಸಿದ ಶ್ರೀಪತಿ ಖಂಚನಾಳೆಯವರು. ಅವರು ಕೊಲ್ಲಾಪುರದಲ್ಲಿ ಸಾಧನೆ ಮಾಡಿ, 1959ರಲ್ಲಿ ದೇಶದ ಪ್ರಪ್ರಥಮ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಅವರು ನಿಧನರಾದಾಗ ಎರಡೂ ರಾಜ್ಯಗಳ ಕುಸ್ತಿಪ್ರಿಯರು ಕಂಬನಿ ಮಿಡಿದರು. ಹುಟ್ಟಿದ ನೆಲ ಒಂದು, ಬೆಳೆಸಿದ ನೆಲ ಇನ್ನೊಂದು.

ಈ ಅಂತರ ಕುಸ್ತಿಗೆ ಮಾತ್ರ ಅಂಟಿದ್ದಲ್ಲ. ಸಂಪತ್ತಿನ ನಾಡಾದ ಅಮೆರಿಕದಲ್ಲಿಯೂ ಕಾಲೇಜು ಫುಟ್‌ಬಾಲ್ ಇದೇ ಗೊಂದಲಕ್ಕೆ ಸಿಲುಕಿದೆ. ಅಲ್ಲಿ ಕಾಲೇಜುಗಳು ಕೂಟಗಳಾಗಿ ಸೇರಿ ಆಡುತ್ತವೆ. 2026ರಿಂದ ಅನ್ವಯವಾಗುವ ಒಪ್ಪಂದದಂತೆ ರಾಷ್ಟ್ರಮಟ್ಟದ ಅಂತಿಮ ಪಂದ್ಯಾವಳಿಯ ಆದಾಯದಲ್ಲಿ ಎರಡು ದೊಡ್ಡ ಕೂಟಗಳಿಗೆ ತಲಾ ಸುಮಾರು ಶೇಕಡಾ 29ರಷ್ಟು ಪಾಲು. ಸಣ್ಣ ಕೂಟಗಳಿಗೆಲ್ಲ ಸೇರಿಯೂ ಶೇಕಡಾ 10ನ್ನು ತಲುಪದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಪ್ರತಿಯೊಂದು ಕಾಲೇಜು ತನ್ನ ಆಟಗಾರರಿಗೆ ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ಹಂಚಬಹುದು. ದೊಡ್ಡ ಕಾಲೇಜಿಗೆ ಇದು ಸಾಧ್ಯ, ಸಣ್ಣದಕ್ಕೆ ಕನಸು. ಸಣ್ಣ ಕಾಲೇಜು ಗುರುತಿಸಿ ತಿದ್ದಿದ ಹುಡುಗ ಮರುವರ್ಷ ದೊಡ್ಡ ಕಾಲೇಜಿನ ಅಂಗಿ ತೊಟ್ಟಿರುತ್ತಾನೆ. ಎಕ್ಸಂಬಾದಿಂದ ಕೊಲ್ಲಾಪುರಕ್ಕೆ ಹೋದ ಹಾದಿಯೇ ಅಲ್ಲಿಯೂ ಇದೆ, ಅಳತೆ ಮಾತ್ರ ಬೇರೆ.

ಶಾಹು ಮಹಾರಾಜರ ಕೊನೆಯ ವರ್ಷಗಳು ಹೋರಾಟದಲ್ಲಿಯೇ ಕಳೆದವು. 1917ರಲ್ಲಿ ಅವರು ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯವೆಂದು ಘೋಷಿಸಿದರು. 1919ರಲ್ಲಿ ಕಾನಪುರದ ಕುರ್ಮಿ ಸಮಾಜದವರು ಅವರಿಗೆ ರಾಜರ್ಷಿ ಎಂಬ ಬಿರುದನ್ನಿತ್ತರು. 1920ರಲ್ಲಿ ತರುಣ ಡಾ. ಅಂಬೇಡ್ಕರರ ಪತ್ರಿಕೆ ‘ಮೂಕನಾಯಕ’ಕ್ಕೆ 2,500 ರೂಪಾಯಿಗಳ ನೆರವು ನೀಡಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಮಾಣಗಾಂವದ ಪರಿಷತ್ತಿಗೆ ಬಂದು, ಮುಂದಿನ ನಾಯಕನನ್ನು ಜನರಿಗೆ ತೋರಿಸಿಕೊಟ್ಟರು. 1922ರ ಮೇ 6ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದಾಗ ನಲವತ್ತೆಂಟು ವರ್ಷಗಳೂ ತುಂಬಿರಲಿಲ್ಲ.

ಅವರ ಮರಣಾನಂತರ ನಡೆದುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಪೈಲ್ವಾನನ ಖುರಾಕು ಅರಸನ ಪ್ರೀತಿಯನ್ನು ಅವಲಂಬಿಸಿತ್ತು. 1949ರಲ್ಲಿ ಸಂಸ್ಥಾನ ವಿಲೀನವಾಗಿ, ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿದ ಮೇಲೆ, ಆ ಅರಮನೆಯ ಆಸರೆ ಹಿಂದಿನ ರೂಪದಲ್ಲಿ ಉಳಿಯಲಿಲ್ಲ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಅತ್ತ ಒಂದು ರಾಜ್ಯದ ಕೇಸರಿ ಪದವಿ, ಇತ್ತ ಇನ್ನೊಂದು ರಾಜ್ಯದ್ದು ಎಂಬಂತಾಗಿ, ನಡುವಿನ ಹಳ್ಳಿಯ ಹುಡುಗ ಎತ್ತ ಹೋಗಬೇಕೆಂದು ಯೋಚಿಸುವಂತಾಯಿತು. ವಿದ್ಯಾರ್ಥಿ ನಿಲಯಗಳ ಮಾತು ಬೇರೆ. ಅವುಗಳಿಗೆ ಸ್ವಂತ ನೆಲೆಯಿತ್ತು, ನಡೆಸುವ ಜನರಿದ್ದರು. ಕೊಟ್ಟ ದೊರೆ ಇಲ್ಲವಾದರೂ ಪಡೆದವರು ಅವನ್ನು ಮುಂದುವರಿಸಿಕೊಂಡು ಹೋಗಲು ಶಕ್ತರಾದರು. ಒಬ್ಬರೇ ಮಹಾನುಭಾವರ ಒಂದೇ ಕೈಯಿಂದ ಹೊರಟ ಎರಡು ದಾನಗಳಲ್ಲಿ, ದಿನದಿನದ ಅನುಗ್ರಹವಾಗಿದ್ದದ್ದು ಅವರೊಡನೆ ಕ್ಷೀಣಿಸಿತು. ಸಮುದಾಯದ ಹೊಣೆಯಾಗಿದ್ದದ್ದು ಅವರ ನಂತರವೂ ಬಾಳಿತು.

ಇಂದು ಚಿಕ್ಕೋಡಿಯಿಂದ ಅಥಣಿಯವರೆಗೆ ಕಬ್ಬು ಹಸಿರಾಗಿದೆ, ಸಕ್ಕರೆ ಕಾರ್ಖಾನೆಗಳಿವೆ, ನಿಪ್ಪಾಣಿ ಮತ್ತು ಕಾಗವಾಡಗಳೂ ಸ್ವತಂತ್ರ ತಾಲ್ಲೂಕುಗಳಾಗಿವೆ. ಹಣವಿಲ್ಲವೆಂದು ಇಡೀ ನಾಡು ಹೇಳುವಂತಿಲ್ಲ. ಆದರೂ ಓಡುವ, ಹೋರಾಡುವ, ಚೆಂಡು ಒದೆಯುವ ಎಷ್ಟೋ ಮಕ್ಕಳು ಹತ್ತನೆಯ ತರಗತಿ ಮುಗಿಯುತ್ತಲೇ ಕೂಲಿಗೆ ಹೊರಡುತ್ತಾರೆ. ಗೆದ್ದು ಬಂದ ಮೇಲೆ ಹಾರ ಹಾಕಲು ಬರುವ ಕೈಗಳು ಬಹಳ. ಗೆಲ್ಲುವ ಮೊದಲು ಒಂದು ಲೋಟ ಹಾಲು ಕೊಡುವ ಕೈಗಳು ವಿರಳ. ಪ್ರತಿಯೊಂದು ಊರು, ಪ್ರತಿಯೊಂದು ಧರ್ಮಕೇಂದ್ರ, ಹಬ್ಬದ ದಿನದ ಬಹುಮಾನಕ್ಕೆ ಕೂಡಿಸುವ ಹಣದಲ್ಲಿ ಒಂದಂಶವನ್ನು ತೆಗೆದಿರಿಸಿ, ವರ್ಷವಿಡೀ ಒಬ್ಬ ಹುಡುಗನ ಅಥವಾ ಹುಡುಗಿಯ ಊಟಕ್ಕೂ ತರಬೇತಿಗೂ ವಿನಿಯೋಗಿಸಿದರೆ ಅದೊಂದು ಚಿಕ್ಕ ನಿಲಯವೇ ಆಗುತ್ತದೆ. ಅದಕ್ಕೆ ಅರಸನು ಬೇಕಿಲ್ಲ. ಹತ್ತು ಮನೆಗಳ ಒಮ್ಮತ ಸಾಕು.

ಖಾಸಬಾಗದ ಮೈದಾನದಲ್ಲಿ ಹಿಂದೆ ಕುಳಿತವನಿಗೂ ಕಣ ಕಾಣುವಂತೆ ಶಾಹು ಮಹಾರಾಜರು ನೆಲವನ್ನು ಇಳಿಜಾರಾಗಿಸಿದರು. ಹಿಂದೆ ಉಳಿದವನು ಕಣವನ್ನು ನೋಡುವುದಷ್ಟೇ ಅಲ್ಲ, ಅದಕ್ಕೆ ಇಳಿಯುವಂತೆಯೂ ಮಾಡುವ ಕಾರ್ಯ ಇನ್ನೂ ಬಾಕಿಯಿದೆ. ಅದು ನಮ್ಮ ತಲೆಮಾರಿನ ಪಾಲಿಗೆ ಬಂದಿರುವ ಹೊಣೆ.