ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕು ಬೆಳಗಾವಿಗೆ ಬಂದ ಕಥೆ

ವ್ಯಾಪಾರ, ಕೆಲಸ ಅಂತ ಕರಾವಳಿ ಬಿಟ್ಟು ಬೆಳಗಾವಿ, ಖಾನಾಪುರದ ಕಡೆ ನೆಲೆಸಿದ ನಮ್ಮವರಿಗೆ ಉಡುಪಿಯ ಮರ್ಹೂಂ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಹೆಸರು ಹೊಸತಲ್ಲ. ಆದರೆ ಅವರು ಕಟ್ಟಿದ ಬ್ಯಾಂಕಿಗೂ ಬೆಳಗಾವಿಗೂ ಇರುವ ನಂಟು ಹೆಚ್ಚಿನವರಿಗೆ ಗೊತ್ತಿಲ್ಲ. ಇನ್ನೊಬ್ಬರ ದುಡ್ಡನ್ನು ಅಮಾನತ್ತಾಗಿ ಕಾಯುವುದು ಎಷ್ಟು ಕಷ್ಟದ ಕೆಲಸ ಅಂತ ತಿಳಿಯಲಿಕ್ಕೆ ಆ ನಂಟನ್ನು ತಿಳಿಯುವುದು ಒಳ್ಳೆಯದು.

ಹಾಜಿ ಸಾಹೇಬರು ಸಿರಿವಂತರು, ಕೊಡುಗೈ ದಾನಿ. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ನಿಂತಿರುವುದು ಅವರು ದಾನ ಕೊಟ್ಟ ಜಾಗದಲ್ಲಿ. ಕೃಷ್ಣ ಮಠದ ದೀಪೋತ್ಸವಕ್ಕೂ ಅವರು ನೆರವಾಗುತ್ತಿದ್ದರು ಅಂತ ಊರಿನ ಹಿರಿಯರು ಈಗಲೂ ಹೇಳುತ್ತಾರೆ. ಮದ್ರಾಸಿನ ಶಾಸನ ಸಭೆಯಲ್ಲೂ ಕೂತವರು. ಆದರೆ ಜನ ಅವರನ್ನು ಹೆಚ್ಚು ನೆನೆಯುವುದು ಬ್ಯಾಂಕಿನಿಂದಾಗಿ.

ಆಗಿನ ಕಾಲದಲ್ಲಿ ಬಡವನಿಗೆ ಕೈಗಡ ಬೇಕಾದರೆ ಸಾಹುಕಾರನ ಮನೆ ಜಗಲಿಯೇ ಗತಿ. ನಾಲ್ಕು ಕಾಸು ಉಳಿಸಿದರೂ ಇಡ್ಲಿಕ್ಕೆ ಜಾಗ ಇಲ್ಲ, ಮಡಕೆಯಲ್ಲೋ ಮಣ್ಣಿನಡಿಯಲ್ಲೋ ಹೂತಿಡಬೇಕು. ಇದನ್ನು ಕಂಡ ಹಾಜಿ ಸಾಹೇಬರು 1906ರಲ್ಲಿ ಊರಿನ ಪ್ರಮುಖರನ್ನು ಸೇರಿಸಿ, ಜಾತಿ ಮತ ನೋಡದೆ ಎಲ್ಲರೂ ಉಳಿತಾಯ ಕಲಿಯಬೇಕು, ಇದೇ ನಿಜವಾದ ಸ್ವದೇಶಿ ಕೆಲಸ ಅಂತ ಜನರಿಗೆ ಮನವಿ ಮಾಡಿದರು. ಆ ವರ್ಷದ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್ ಶುರುವಾಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಸ್ಥಾಪಕ ಅಧ್ಯಕ್ಷರು ಹಾಜಿ ಸಾಹೇಬರೇ.

ಆಗ ರಿಸರ್ವ್ ಬ್ಯಾಂಕ್ ಇರಲಿಲ್ಲ. ಬ್ಯಾಂಕುಗಳಿಗೇ ಅಂತ ಬೇರೆ ಕಾನೂನೂ ಇರಲಿಲ್ಲ. ಕಂಪೆನಿ ಕಾಯ್ದೆಯಡಿ ಹೆಸರು ನೋಂದಾಯಿಸಿ ಬಾಗಿಲು ತೆರೆದರೆ ಆಯಿತು. ಜನ ದುಡ್ಡು ಇಡುತ್ತಿದ್ದದ್ದು ಮನುಷ್ಯನ ಮುಖ ನೋಡಿ. ಮುಖ ನೋಡಿ ಇಟ್ಟರೆ ಏನಾಗಬಹುದು ಅಂತ ಅದೇ ವರ್ಷ ಅಕ್ಟೋಬರಿನಲ್ಲಿ ಗೊತ್ತಾಯಿತು. ಮದ್ರಾಸಿನ ದೊಡ್ಡ ಬ್ರಿಟಿಷ್ ಸಂಸ್ಥೆ ಅರ್ಬತ್‌ನಾಟ್ ಕಂಪೆನಿ ದಿವಾಳಿ ಎದ್ದಿತು. ಸಾವಿರಾರು ಮಂದಿಯ ಇಡುಗಂಟು ಮುಳುಗಿತು, ಒಡೆಯ ಜೈಲಿಗೆ ಹೋದರು. ಏಳು ತಿಂಗಳ ಕೂಸಾಗಿದ್ದ ಉಡುಪಿಯ ಬ್ಯಾಂಕು ಮಾತ್ರ ಉಳಿಯಿತು. ಅದು ಹಾರಲಿಕ್ಕೆ ಹೋಗಲಿಲ್ಲ. ಎರಡನೇ ಊರಾದ ಕುಂದಾಪುರದಲ್ಲಿ ಶಾಖೆ ತೆರೆದದ್ದು 1923ರಲ್ಲಿ, ಮಂಗಳೂರಿನಲ್ಲಿ 1926ರಲ್ಲಿ. ಒಂದೊಂದು ಪೈಯೂ ಲೆಡ್ಜರಿನಲ್ಲಿ ಕೈಬರಹದಲ್ಲಿ ಏರಬೇಕಿತ್ತು.

ಹಾಜಿ ಸಾಹೇಬರು 1935ರಲ್ಲಿ ತೀರಿಕೊಂಡರು. ಅದೇ ವರ್ಷ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಕೆಲಸ ಶುರು ಮಾಡಿತ್ತು. ಮುಖ ನೋಡಿ ನಂಬುವ ಕಾಲ ಮುಗಿಯುತ್ತಾ, ಕಾನೂನು ನೋಡಿ ನಂಬುವ ಕಾಲ ಬರುತ್ತಿತ್ತು. 1937ರಲ್ಲಿ ಅವರ ಬ್ಯಾಂಕು ರಿಸರ್ವ್ ಬ್ಯಾಂಕಿನ ಅನುಸೂಚಿಗೆ ಸೇರಿತು. 1949ರಲ್ಲಿ ಬ್ಯಾಂಕುಗಳಿಗೆ ಪ್ರತ್ಯೇಕ ಕಾಯ್ದೆ ಬಂತು.

ಇಲ್ಲಿಂದ ಬೆಳಗಾವಿಯ ಕಥೆ. 1930ರಲ್ಲಿ ಬೆಳಗಾಂ ಬ್ಯಾಂಕ್, 1937ರಲ್ಲಿ ಬ್ಯಾಂಕ್ ಆಫ್ ಸಿಟಿಜನ್ಸ್ ಬೆಳಗಾವಿಯಲ್ಲೇ ಹುಟ್ಟಿದ್ದವು. ಆಗ ಬೆಳಗಾವಿ ಮುಂಬೈ ಪ್ರಾಂತ, ಉಡುಪಿ ಮದ್ರಾಸ್ ಪ್ರಾಂತ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿ ದೇಶವೇ ಬೆಚ್ಚಿತು. ಸರಕಾರ ಕಾನೂನು ಬಿಗಿ ಮಾಡಿತು, ಸಣ್ಣ ಬ್ಯಾಂಕುಗಳು ದೊಡ್ಡವುಗಳ ಜೊತೆ ಸೇರತೊಡಗಿದವು. ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ 1961ರಲ್ಲಿ ಹಾಜಿ ಸಾಹೇಬರ ಬ್ಯಾಂಕಿನೊಳಗೆ ಬಂತು. ಬೆಳಗಾಂ ಬ್ಯಾಂಕ್ 1975ರಲ್ಲಿ ಯೂನಿಯನ್ ಬ್ಯಾಂಕಿಗೆ ಹೋಯಿತು. ಹಾಜಿ ಸಾಹೇಬರ ಬ್ಯಾಂಕು 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಅಂತ ಹೆಸರಾಗಿ, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ತಾನೂ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬೆಳಗಾವಿಯ ಎರಡು ಹಳೇ ಬ್ಯಾಂಕುಗಳು ಹೀಗೆ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಮನೆ ಸೇರಿದವು. ಬೋರ್ಡು ಎಷ್ಟು ಸಲ ಬದಲಾದರೂ ಜನರ ಅಮಾನತ್ತು ಮಾತ್ರ ಕೈಯಿಂದ ಕೈಗೆ ಬಂತು. ಕಾನೂನಿನ ಉಪಕಾರ ಅಂದರೆ ಇದು.

ಇನ್ನೊಂದು ಉಪಕಾರ ಠೇವಣಿ ವಿಮೆ. 1962ರಲ್ಲಿ ಒಬ್ಬರ ಠೇವಣಿಗೆ 1,500 ರೂಪಾಯಿವರೆಗೆ ರಕ್ಷಣೆ ಇತ್ತು, 2020ರಿಂದ ಅದು 5 ಲಕ್ಷ. ಬ್ಯಾಂಕುಗಳಿಗೆ ಇದು ಉಂಟು, ಪಟ್ಟಣದ ಸಹಕಾರಿ ಬ್ಯಾಂಕುಗಳಿಗೂ ಉಂಟು. ಆದರೆ ಪತ್ತಿನ ಸಂಘ, ಕ್ರೆಡಿಟ್ ಸೊಸೈಟಿಗಳಿಗೆ ಇಲ್ಲ. ಗಲ್ಲಿಗೊಂದು ಸೊಸೈಟಿ ಇರುವ ಬೆಳಗಾವಿಯಂಥ ಊರಿನಲ್ಲಿ ಇದನ್ನು ತಿಳಿದಿರಲೇಬೇಕು.

ನಮ್ಮವರು ಎಡವುವುದು ಇಲ್ಲೇ. ಬಡ್ಡಿಯ ಹೆದರಿಕೆಯಿಂದ ಎಷ್ಟೋ ಮಂದಿ ಬ್ಯಾಂಕಿನಿಂದ ದೂರ ಉಳಿಯುತ್ತಾರೆ. ಬಡ್ಡಿರಹಿತ ವ್ಯವಸ್ಥೆಯನ್ನು ಬ್ಯಾಂಕುಗಳಲ್ಲಿ ತರುವ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಅಂತ 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಆ ಖಾಲಿ ಜಾಗಕ್ಕೆ ಹಲಾಲ್ ಲಾಭದ ಹೆಸರಿನವರು ನುಗ್ಗಿದರು. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ವಿಧವೆಯರ ಬಂಗಾರ, ಮಗಳ ಮದುವೆಗೆ ಇಟ್ಟ ಗಂಟು ಎಲ್ಲಾ ಹೋಯಿತು. ಅಲ್ಲೂ ಜನ ನಂಬಿದ್ದು ಮುಖವನ್ನು, ಗಡ್ಡವನ್ನು. ಹಲಾಲ್ ಬೇಕು, ನಿಜ. ಆದರೆ ಲೆಕ್ಕ ಕೇಳುವವರು ಇಲ್ಲದ ಕಡೆ ಇಡುವ ಅಮಾನತ್ತು ಹಲಾಲ್ ಆಗಿ ಉಳಿಯುವುದು ಹೇಗೆ?

ಈಗ ಮುಖವೂ ಕಾಣದ ಕಾಲ. 2016ರಲ್ಲಿ ಯುಪಿಐ ಬಂದ ಮೇಲೆ ಖಾನಾಪುರದ ತರಕಾರಿ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು. ಕಾಡಂಚಿನ ಹಳ್ಳಿಯ ಅಜ್ಜಿ ಹೆಬ್ಬೆಟ್ಟು ಒತ್ತಿ ಪಿಂಚಣಿ ತೆಗೆಯಬಹುದು. ಒಳ್ಳೆಯದೇ. ಆದರೆ ಕಳ್ಳನೂ ಅದೇ ಫೋನಿನಲ್ಲಿ ಬರುತ್ತಾನೆ. ಪೊಲೀಸರ ವೇಷದಲ್ಲಿ ಹೆದರಿಸಿ ಹಣ ಕಿತ್ತ ಸೈಬರ್ ವಂಚಕರ ಕಾಟ ತಾಳಲಾರದೆ 2025ರಲ್ಲಿ ಖಾನಾಪುರ ತಾಲೂಕಿನ ಹಿರಿಯ ದಂಪತಿ ಜೀವವನ್ನೇ ಕಳಕೊಂಡರು. ಡಿಜಿಟಲ್ ಅರೆಸ್ಟ್ ಅಂತ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಫೋನ್ ಇಡಿ, ಮನೆಯವರಿಗೆ ಹೇಳಿ, ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಾಜಿ ಸಾಹೇಬರ ಉಡುಪಿಯ ಮನೆಯಲ್ಲಿ ಬ್ಯಾಂಕು ನಾಣ್ಯಗಳ ಸಂಗ್ರಹಾಲಯ ಮಾಡಿತ್ತು. ಅವರು ನಿಜವಾಗಿ ಬಿಟ್ಟುಹೋದದ್ದು 38 ರೂಪಾಯಿ 13 ಆಣೆ 2 ಪೈಯನ್ನೂ ಬರೆದಿಡುವ ಲೆಕ್ಕದ ಶಿಸ್ತು. ದುಡ್ಡು ಕೇಳುವವರು ಯಾರೇ ಆಗಲಿ, ಲೆಕ್ಕ ಎಲ್ಲುಂಟು, ನೋಡಿಕೊಳ್ಳುವ ಕಾನೂನು ಯಾವುದು ಅಂತ ಮೊದಲು ಕೇಳಿ. ಉತ್ತರ ಸಿಗದಿದ್ದರೆ ಗಂಟು ಬಿಚ್ಚಬೇಡಿ.