ಅರ್ಧ ಗುರಿಯ ಅಪಾಯ ಅರಿತಿದ್ದ ಬೇಟೆಗಾರ: ಕೆನೆತ್ ಆಂಡರ್ಸನ್

ಲಿಂಗಸುಗೂರು: ನರಭಕ್ಷಕ ಎಂಬ ಪದ ಕಿವಿಗೆ ಬಿದ್ದೊಡನೆ ಕನ್ನಡದ ಓದುಗರಿಗೆ ನೆನಪಾಗುವ ಹೆಸರು ಕೆನೆತ್ ಆಂಡರ್ಸನ್. ಇಂಗ್ಲಿಷಿನಲ್ಲಿ ಅವರು ಬರೆದ ಕಾಡಿನ ಅನುಭವಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡಕ್ಕೆ ತಂದ ಮೇಲೆ, ಬೆಂಗಳೂರಿನ ಈ ಬೇಟೆಗಾರ ನಾಡಿನ ಮನೆಮನೆಗೂ ಪರಿಚಿತರಾದರು. ಆದರೆ ಅವರ ಕೈಯಲ್ಲಿದ್ದ ರೈಫಲ್ ಯಾವುದು, ಅದರಲ್ಲಿ ತುಂಬುತ್ತಿದ್ದ ಕಾಡತೂಸು ಎಂತಹುದು, ಆ ಆಯ್ಕೆಗೂ ಅವರ ಬದುಕಿಗೂ ಇದ್ದ ನಂಟೇನು ಎಂಬುದು ಹೆಚ್ಚಿನವರಿಗೆ ತಿಳಿಯದು.

ನಿಜಾಮರ ಸೀಮೆಯ ಕೂಸು

ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಂಸ್ಥಾನದ ಬೊಲಾರಂನಲ್ಲಿ. ಸಿಕಂದರಾಬಾದ್‌ಗೆ ಹೊಂದಿಕೊಂಡಿರುವ ಬೊಲಾರಂ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಪ್ರಮುಖ ದಂಡಿನ ಠಾಣೆಯಾಗಿತ್ತು. ಅದೇ ಪಡೆಯ ಮತ್ತೊಂದು ಠಾಣೆ ನಮ್ಮ ಲಿಂಗಸುಗೂರು. 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿದ್ದ ಈ ಊರು, ನೆರೆಯ ಮಸ್ಕಿ ಮತ್ತು ಸಿಂಧನೂರು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹೈದರಾಬಾದ್ ಆಡಳಿತದಲ್ಲಿಯೇ ಇದ್ದವು. ಆ ಲೆಕ್ಕದಲ್ಲಿ ಆಂಡರ್ಸನ್ ಹುಟ್ಟಿದ ಸೀಮೆಯೂ ರಾಯಚೂರು ದೋಆಬಿನ ಈ ಮೂರು ಊರುಗಳೂ ಒಂದೇ ರಾಜ್ಯದವು.

ಸ್ಕಾಟ್ಲೆಂಡ್ ಮೂಲದ ಅವರ ಕುಟುಂಬ ಹಲವು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿತ್ತು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಸೇನೆಯ ಸಂಬಳ ಲೆಕ್ಕಪತ್ರ ವಿಭಾಗದ ಅಧಿಕಾರಿ. ಬೇಟೆಯ ಹವ್ಯಾಸ ಮಗನಿಗೆ ಬಂದದ್ದು ತಂದೆಯಿಂದಲೇ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದ ಕೆನೆತ್‌ರನ್ನು ಕಾನೂನು ಕಲಿಯಲು ಎಡಿನ್‌ಬರೋಗೆ ಕಳುಹಿಸಲಾಯಿತು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದನ್ನು ಅರ್ಧಕ್ಕೇ ಬಿಟ್ಟು ಮರಳಿದ ಅವರು ಅಂಚೆ ಮತ್ತು ತಂತಿ ಇಲಾಖೆಯಲ್ಲಿ 15 ವರ್ಷ ದುಡಿದರು. ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾದರು. ವಾರವೆಲ್ಲ ಕಾರ್ಖಾನೆ, ಬಿಡುವು ಸಿಕ್ಕೊಡನೆ ಕಾಡು. ಇದು ಅವರ ದಿನಚರಿಯಾಗಿತ್ತು. ಕನ್ನಡ ಮತ್ತು ತಮಿಳನ್ನು ಸರಾಗವಾಗಿ ಮಾತನಾಡುತ್ತಿದ್ದ ಕಾರಣ, ಹಳ್ಳಿಗರು ಮತ್ತು ಕಾಡಿನ ಬುಡಕಟ್ಟು ಜನರೊಡನೆ ಬೆರೆಯುವುದು ಅವರಿಗೆ ಸಲೀಸಾಗಿತ್ತು.

ನಡುಗಾತ್ರದ ಕಾಡತೂಸು

ಆಂಡರ್ಸನ್ ನೆಚ್ಚಿಕೊಂಡಿದ್ದ ಅಸ್ತ್ರ ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ ರೈಫಲ್. ಜಾನ್ ಬ್ರೌನಿಂಗ್ ಎಂಬ ಖ್ಯಾತ ವಿನ್ಯಾಸಕ ರೂಪಿಸಿದ ಈ ರೈಫಲ್‌ನಲ್ಲಿ ಕುದುರೆಯ ಕೆಳಗಿನ ಲಿವರನ್ನು ಒಮ್ಮೆ ಕೆಳಗೆ ಒತ್ತಿ ಮೇಲೆತ್ತಿದರೆ ಸುಟ್ಟ ತೋಟಾ ಹೊರಬಿದ್ದು ಹೊಸದು ನಳಿಗೆಗೆ ಏರುತ್ತದೆ. ಅದಕ್ಕೆಂದೇ 1904ರಲ್ಲಿ ಮಾರುಕಟ್ಟೆಗೆ ಬಂದ ಕಾಡತೂಸು .405 ವಿಂಚೆಸ್ಟರ್. ಸುಮಾರು 10.4 ಮಿಲಿಮೀಟರ್ ದಪ್ಪದ, 300 ಗ್ರೇನ್ ಅಂದರೆ 19 ಗ್ರಾಂಗೂ ಮೀರಿದ ತೂಕದ ಗುಂಡನ್ನು ಅದು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಚಿಮ್ಮಿಸುತ್ತಿತ್ತು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಸಿಂಹಗಳಿಗೆಂದು ಮೆಚ್ಚಿ ಒಯ್ದದ್ದು ಇದೇ ಕಾಡತೂಸಿನ ರೈಫಲ್.

ಇಂದು ಮಧ್ಯಮ ಶಕ್ತಿಯ ಕಾಡತೂಸು ಎಂದರೆ ಅರ್ಥ ಬೇರೆ. ಪಿಸ್ತೂಲಿನ ಗುಂಡಿಗಿಂತ ಬಲವಾದ, ಹಳೆಯ ಸೇನಾ ರೈಫಲ್ ಗುಂಡಿಗಿಂತ ಹಗುರವಾದ ಇಂಥ ಕಾಡತೂಸುಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ರೂಪುಗೊಂಡವು. ಕಲಾಶ್ನಿಕೋವ್ ಬಂದೂಕಿನ 7.62×39, ಭಾರತೀಯ ಸೇನೆಯ ಇನ್ಸಾಸ್ ರೈಫಲ್‌ನ 5.56×45 ಈ ಗುಂಪಿಗೆ ಸೇರುತ್ತವೆ. ಇದೇ ವಂಶದ 6.5 ಗ್ರೆಂಡೆಲ್, 6.8 ಎಸ್‌ಪಿಸಿ ಮುಂತಾದವು ವಿದೇಶಗಳಲ್ಲಿ ಬೇಟೆ, ಸ್ಪರ್ಧೆ, ಪೊಲೀಸ್ ಕಾರ್ಯಾಚರಣೆಗಳಲ್ಲಿ ಬಳಕೆಯಾಗುತ್ತಿವೆ. ಕಡಿಮೆ ಒದೆತ, ಹೆಚ್ಚು ತೋಟಾ ಹೊರುವ ಅನುಕೂಲ ಇವುಗಳ ಗುಣ.

ಅಂಕಿಗಳು ವ್ಯತ್ಯಾಸವನ್ನು ಹೇಳುತ್ತವೆ. ನಳಿಗೆಯಿಂದ ಹೊರಡುವಾಗ 5.56ರ ಗುಂಡಿನ ಶಕ್ತಿ ಸುಮಾರು 1,750 ಜೂಲ್, ಕಲಾಶ್ನಿಕೋವ್ ಗುಂಡಿನದು ಸುಮಾರು 2,000 ಜೂಲ್. ಆಂಡರ್ಸನ್ ಬಳಸಿದ .405ರದು 4,300 ಜೂಲ್‌ಗೂ ಅಧಿಕ. ಆದರೂ ಅವರ ಕಾಲದ ಬೇಟೆಗಾರರ ಕಣ್ಣಿಗೆ ಅದು ನಡುಗಾತ್ರದ್ದೇ. ಆನೆ, ಕಾಟಿಗಳಿಗೆಂದು ಶ್ರೀಮಂತ ಬೇಟೆಗಾರರು ಹೊತ್ತೊಯ್ಯುತ್ತಿದ್ದ ಜೋಡುನಳಿಗೆಯ ಭಾರಿ ರೈಫಲ್‌ಗಳು ಇದಕ್ಕಿಂತ ಎಷ್ಟೋ ಬಲಶಾಲಿ. ಜಿಂಕೆಗಳಿಗೆ ಸಾಕಾಗುವ ಸಣ್ಣ ರೈಫಲ್ ಹಾಗೂ ಆ ದೈತ್ಯ ರೈಫಲ್‌ಗಳ ನಡುವೆ ನಿಂತದ್ದು .405. ಒಂಟಿಯಾಗಿ ಕಾಡು ಸುತ್ತುವವನು ಹೊರಬಲ್ಲಷ್ಟು ಹಗುರ, ಎದುರು ಬಂದ ಹುಲಿಯನ್ನು ನಿಲ್ಲಿಸಬಲ್ಲಷ್ಟು ಬಲ ಅದರದಾಗಿತ್ತು.

ದೋಷಗಳೂ ಇಲ್ಲದಿರಲಿಲ್ಲ. ಗುಂಡು ದಪ್ಪ ಹಾಗೂ ಮೊಂಡಾದ್ದರಿಂದ ದೂರ ಹೋದಂತೆ ಬೇಗನೆ ವೇಗ ಕಳೆದುಕೊಂಡು ಕೆಳಗಿಳಿಯುತ್ತಿತ್ತು. ರೈಫಲ್ ಭುಜಕ್ಕೆ ಬಲವಾಗಿ ಒದೆಯುತ್ತಿತ್ತು. ದೂರದ ಬಯಲಿನಲ್ಲಿ ಗುರಿಯಿಡುವವನಿಗೆ ಇದು ಹೇಳಿಸಿದ ಕಾಡತೂಸಲ್ಲ. ಆದರೆ ಆಂಡರ್ಸನ್‌ಗೆ ಬೇಕಾದದ್ದು ದೂರದ ಗುರಿಯಾಗಿರಲಿಲ್ಲ. ಮರದ ಮೇಲಿನ ಅಟ್ಟಣೆಯಿಂದಲೋ, ಲಂಟಾನ ಪೊದೆಗಳ ನಡುವಿನ ಕಾಲುದಾರಿಯಲ್ಲೋ, ಟಾರ್ಚಿನ ಬೆಳಕಿನಲ್ಲಿ ಕೆಲವೇ ಗಜಗಳ ಅಂತರದಲ್ಲಿ ಅವರು ಮೃಗವನ್ನು ಎದುರಿಸಬೇಕಿತ್ತು. ಅಲ್ಲಿ ಎರಡನೆಯ ಅವಕಾಶ ದೊರೆಯುವುದು ಅಪರೂಪ.

ಗಾಯಗೊಂಡ ಮೃಗವೇ ನರಭಕ್ಷಕ

ಹುಲಿಯಾಗಲಿ ಚಿರತೆಯಾಗಲಿ ಸ್ವಭಾವತಃ ಮನುಷ್ಯನನ್ನು ತಿನ್ನುವ ಪ್ರಾಣಿಯಲ್ಲ ಎಂಬುದು ಆಂಡರ್ಸನ್ ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ತೋರಿಸಿಕೊಟ್ಟ ಸಂಗತಿ. ಗುರಿ ತಪ್ಪಿದ ಗುಂಡು, ಹಳ್ಳಿಯ ಕೇಪಿನ ಕೋವಿಯಿಂದ ಸಿಡಿದ ಚರೆ, ದವಡೆಗೋ ಕಾಲಿಗೋ ಆದ ವಾಸಿಯಾಗದ ಗಾಯ. ಇವು ಪ್ರಾಣಿಯ ಓಟವನ್ನು ಕುಂಠಿತಗೊಳಿಸುತ್ತವೆ. ಜಿಂಕೆ, ಹಂದಿಗಳನ್ನು ಹಿಡಿಯಲಾಗದ ಮೃಗ ದನಗಳ ಕಡೆಗೆ, ಬಳಿಕ ದನ ಕಾಯುವವರ ಕಡೆಗೆ ತಿರುಗುತ್ತದೆ. ಕೆಲವೊಮ್ಮೆ ತಪ್ಪು ಮನುಷ್ಯನದೂ ಅಲ್ಲ. 42 ಜನರನ್ನು ಬಲಿ ತೆಗೆದುಕೊಂಡ ಗುಮ್ಮಳಾಪುರದ ಚಿರತೆಯನ್ನು ಕೊಂದ ಬಳಿಕ ನೋಡಿದರೆ ಅದರ ಪಂಜದೊಳಗೆ ಮುಳ್ಳುಹಂದಿಯ ಮುಳ್ಳುಗಳು ನಾಟಿಕೊಂಡಿದ್ದವು.

ಈ ಅರಿವಿನಿಂದಲೇ ಕಾಡತೂಸಿನ ಆಯ್ಕೆ ಅವರಿಗೆ ಬರೀ ಹವ್ಯಾಸದ ಮಾತಾಗಿರಲಿಲ್ಲ. ಸಾಲದ ಶಕ್ತಿಯ ಗುಂಡು ಮೃಗವನ್ನು ಕೊಲ್ಲದೆ ಬರೀ ಗಾಯಗೊಳಿಸಿದರೆ, ಅದರ ಬೆಲೆ ತೆರಬೇಕಾದವರು ಬೇಟೆಗಾರನಲ್ಲ, ಸುತ್ತಲಿನ ಹಳ್ಳಿಯ ಜನ. ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಮುಗಿಸುವುದು ಅವನ ಕರ್ತವ್ಯ ಎಂಬ ಬೇಟೆಯ ಹಳೆಯ ನಿಯಮವನ್ನು ಅವರು ಪಾಲಿಸಿದರು. ರಕ್ತದ ಜಾಡು ಹಿಡಿದು ಪೊದೆಯೊಳಗೆ ನುಗ್ಗುವ ಆ ಗಳಿಗೆಯೇ ಅವರ ಕಥನಗಳಲ್ಲಿ ಅತ್ಯಂತ ಆತಂಕದ ಭಾಗ.

1939ರಿಂದ 1966ರ ನಡುವೆ ಅವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದದ್ದು ಸರ್ಕಾರಿ ದಾಖಲೆಗಳಲ್ಲಿ ನಮೂದಾಗಿದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ತುಮಕೂರಿನ ದೇವರಾಯನದುರ್ಗ, ಅಂದು ಬೆಂಗಳೂರಿನ ಹೊರಗಿನ ಹಳ್ಳಿಯಾಗಿದ್ದ ಜಾಲಹಳ್ಳಿ ಇವೆಲ್ಲ ಅವರ ಕಥನಗಳ ಭೂಪಟದಲ್ಲಿವೆ. ಅರಸೀಕೆರೆ ಸುತ್ತಲಿನ ಗುಡ್ಡಗಳಲ್ಲಿ ಕನಿಷ್ಠ 12 ಜನರನ್ನು ಕೊಂದು ಹಲವರ ಮುಖ ಸೀಳಿದ್ದ ಕರಡಿಯ ಪ್ರಸಂಗ ಇನ್ನೂ ಭೀಕರ. ಪರಿಚಿತರೊಬ್ಬರ ಮಗ ಅದಕ್ಕೆ ಬಲಿಯಾದ ಬಳಿಕ ಆಂಡರ್ಸನ್ ಅದರ ಬೆನ್ನು ಹತ್ತಿದರು. ಎರಡು ಸಲ ಬರಿಗೈಯಲ್ಲಿ ಮರಳಿ, ಮೂರನೆಯ ಯತ್ನದಲ್ಲಿ ಅದನ್ನು ಕೊಂದರು.

ಬಂದೂಕಿನಿಂದ ಲೇಖನಿಗೆ

1954ರಲ್ಲಿ ಅವರ ಮೊದಲ ಪುಸ್ತಕ ಪ್ರಕಟವಾಯಿತು. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆಯನ್ನು ಶೀರ್ಷಿಕೆಯಲ್ಲಿಯೇ ಹೊತ್ತ ಆ ಕೃತಿಯ ನಂತರ ಎರಡು ದಶಕಗಳಲ್ಲಿ ಹಲವು ಸಂಕಲನಗಳು ಬಂದವು. ಕೊನೆಯದು 1976ರಲ್ಲಿ, ಅವರ ನಿಧನಾನಂತರ. ಪುಟ ಉರುಳಿದಂತೆ ಈ ಬರಹಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಗುಂಡಿನ ಸದ್ದು ಕಡಿಮೆಯಾಗಿ ಕಾಡಿನ ಸದ್ದು ಹೆಚ್ಚುತ್ತದೆ. ಸ್ವಾತಂತ್ರ್ಯಾನಂತರ ಜೀಪು, ಸ್ಪಾಟ್‌ಲೈಟ್ ಹಿಡಿದು ರಾತ್ರಿ ಕಾಡಿಗೆ ನುಗ್ಗಿದ ಕಳ್ಳಬೇಟೆಗಾರರು, ಕೊಂದ ದನದ ಮಾಂಸಕ್ಕೆ ವಿಷ ಬೆರೆಸುವ ಪದ್ಧತಿ, ಕರಗುತ್ತಿದ್ದ ಅರಣ್ಯ ಅವರನ್ನು ಕಾಡಿದವು. ಆಡುವ ವಯಸ್ಸಿನಲ್ಲಿ ರೈಫಲ್ ಹಿಡಿದ ಕೈ ಕ್ಯಾಮೆರಾದತ್ತ ಹೊರಳಿತು. ದಕ್ಷಿಣ ಭಾರತದ ವನ್ಯಜೀವಿ ರಕ್ಷಣೆಗೆ ಮೊದಲು ದನಿಯೆತ್ತಿದವರ ಸಾಲಿನಲ್ಲಿ ಅವರ ಹೆಸರಿದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. 1973ರಲ್ಲಿ ಹುಲಿ ಯೋಜನೆ ಆರಂಭವಾಗಿ ಬಂಡೀಪುರ ಅದರ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಬೇಟೆಯ ಯುಗ ಮುಗಿದದ್ದನ್ನು ಕಂಡ ಮರುವರ್ಷ, 1974ರ ಆಗಸ್ಟ್ 30ರಂದು, ಆಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದರು. ಆಗ ಅವರಿಗೆ 64 ವರ್ಷ. ತಂದೆಯಂತೆಯೇ ಬೇಟೆಗಾರರಾಗಿದ್ದ ಮಗ ಡೊನಾಲ್ಡ್ 2014ರಲ್ಲಿ ನಿಧನರಾದರು.

ತೇಜಸ್ವಿ ಅವರು ಕಾಡಿನ ಕತೆಗಳು ಮಾಲಿಕೆಯಲ್ಲಿ ಕೊಟ್ಟ ರೂಪಾಂತರಗಳು ಆಂಡರ್ಸನ್‌ಗೆ ಕನ್ನಡದಲ್ಲಿ ಎರಡನೆಯ ಜನ್ಮ ನೀಡಿದವು. ಬೆಳಂದೂರು, ಜಾಲಹಳ್ಳಿ, ಮಾಗಡಿಗಳ ಹೆಸರು ಹೊತ್ತ ಆ ಸಂಪುಟಗಳು ಇಂದಿಗೂ ಓದುಗರನ್ನು ಹಿಡಿದಿಟ್ಟಿವೆ.

ಇಂದಿಗೂ ಸಲ್ಲುವ ಪಾಠ

ರಾಯಚೂರು ದೋಆಬಿನಲ್ಲಿ ದಟ್ಟ ಕಾಡಿಲ್ಲ. ಸಿಂಧನೂರಿನ ಸುತ್ತ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳಿವೆ, ಲಿಂಗಸುಗೂರು ಮತ್ತು ಮಸ್ಕಿ ಕಡೆ ಬಂಡೆಗುಡ್ಡಗಳಿವೆ. ಇಂಥ ಗುಡ್ಡಗಳೇ ಬಯಲುಸೀಮೆಯ ಚಿರತೆ, ಕರಡಿಗಳ ಆಶ್ರಯ. ಚಿರತೆ ಕಾಣಿಸಿಕೊಂಡಿತು ಎಂಬ ಸುದ್ದಿ ಹಬ್ಬಿದೊಡನೆ ಕುರಿಹಟ್ಟಿಯವರಿಗೆ ನಿದ್ದೆ ಬಾರದು. ಆಗ ಅಟ್ಟದ ಮೇಲಿನ ನಾಡಬಂದೂಕು, ಹೊಲದ ಬದಿಯ ಉರುಳು, ಸಿಡಿಮದ್ದಿನ ಉಂಡೆಗಳ ಯೋಚನೆ ಕೆಲವರಿಗೆ ಬರುವುದು ಸಹಜ. ಕಾನೂನಿನ ದೃಷ್ಟಿಯಲ್ಲಿ ಅದು ಅಪರಾಧ.

ಕಾನೂನನ್ನು ಬದಿಗಿಟ್ಟು ನೋಡಿದರೂ ಆಂಡರ್ಸನ್‌ರ ಅನುಭವ ಹೇಳುವುದು ಒಂದೇ ಮಾತನ್ನು. ಕುರಿ ಕದ್ದ ಚಿರತೆಯಿಂದ ಊರಿಗಾಗುವ ನಷ್ಟ ಕುರಿಗಳಷ್ಟೇ. ಕಾಲು ಮುರಿದುಕೊಂಡು ತಪ್ಪಿಸಿಕೊಂಡ ಚಿರತೆಯಿಂದ ಆಗುವ ನಷ್ಟಕ್ಕೆ ಪರಿಹಾರವಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ ಬೋನು ಬರುವವರೆಗೆ ಕಾಯುವುದು ತಡವೆನಿಸಬಹುದು. ಗುಮ್ಮಳಾಪುರದ 42 ಮನೆಗಳ ಲೆಕ್ಕ ಮುಂದಿಟ್ಟುಕೊಂಡರೆ ಆ ತಡ ದೊಡ್ಡದಲ್ಲ.